ಕಾವಲಿನಲ್ಲಿ ನೆಟ್ಟ ಮರಗಳು

ನಾನು ಏಳನೇ ತರಗತಿಯಲ್ಲಿದ್ದಾಗ ಜುಲೈ ತಿಂಗಳ ಒಂದು ಬೆಳಗ್ಗೆ ನಮ್ಮನ್ನೆಲ್ಲ ಸಾಲಾಗಿ ಊರಾಚೆಯ ಕಾವಲಿಗೆ ಕರೆದುಕೊಂಡು ಹೋದರು. ವನಮಹೋತ್ಸವ. ಗುಂಡಿಗಳನ್ನು ಮೊದಲೇ ತೋಡಿಸಿಟ್ಟಿದ್ದರು. ಒಬ್ಬೊಬ್ಬರ ಕೈಗೂ ಕಪ್ಪು ಪ್ಲಾಸ್ಟಿಕ್ ಚೀಲದ ಎರಡೆರಡು ನೀಲಗಿರಿ ಸಸಿ ಬಂತು. ನೆಟ್ಟು, ಸುತ್ತ ಮಣ್ಣು ತುಳಿದು, ಚಪ್ಪಾಳೆ ತಟ್ಟಿ, ಕೊಟ್ಟ ಮಂಡಕ್ಕಿ ತಿಂದು ಮನೆಗೆ ಬಂದೆವು. ಜಗುಲಿಯ ಮೇಲೆ ಕೂತಿದ್ದ ಅಜ್ಜನಿಗೆ ಹೆಮ್ಮೆಯಿಂದ ಸುದ್ದಿ ಹೇಳಿದೆ. ಅಜ್ಜ ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿ, "ಹುಲ್ಲಿನ ಮ್ಯಾಲೆ ನೆಟ್ಟು ಬಂದ್ಯೇನೋ ಮಗ? ಇನ್ನು ದನ ಏನ್ ತಿನ್ನಬೇಕು?" ಎಂದ. ಪಾಪ, ಅಜ್ಜನಿಗೆ ಪರಿಸರದ ತಿಳಿವಳಿಕೆ ಇಲ್ಲ ಅಂದುಕೊಂಡು ಸುಮ್ಮನಾದೆ.

ಆ ಪ್ರಶ್ನೆಯ ಹಿಂದೆ ಮುನ್ನೂರು ವರ್ಷಗಳ ಚರಿತ್ರೆ ಇತ್ತೆಂದು ನನಗೆ ತಿಳಿದದ್ದು ಬಹಳ ತಡವಾಗಿ.

ಕಾವಲು ಎಂದರೆ ಕಾಯುವುದು, ಕಾಯ್ದಿಟ್ಟ ನೆಲ. ಹಳೆಯ ಮೈಸೂರು ಸೀಮೆಯಲ್ಲಿ ಈ ಮಾತಿಗೆ ಇನ್ನೂ ಖಚಿತವಾದ ಅರ್ಥವಿತ್ತು: ಅರಸರ ದನಗಳಿಗಾಗಿ ಮೀಸಲಿಟ್ಟ ಹುಲ್ಲುಗಾವಲು. 1673ರಲ್ಲಿ ಪಟ್ಟಕ್ಕೆ ಬಂದ ಚಿಕ್ಕದೇವರಾಜ ಒಡೆಯರ್ ಅರಮನೆಗೆ ಹಾಲು ಬೆಣ್ಣೆ ಒದಗಿಸುವ ದನಗಳ ಇಲಾಖೆಯನ್ನು 'ಬೆಣ್ಣೆ ಚಾವಡಿ' ಎಂಬ ಹೆಸರಿನಲ್ಲಿ ಕಟ್ಟಿ, ರಾಜ್ಯದ ಬೇರೆ ಬೇರೆ ಕಡೆ ಕಾವಲುಗಳನ್ನು ಗೊತ್ತುಮಾಡಿದರು. ಹೈದರಾಲಿಗೆ ಈ ತಳಿಯ ಎತ್ತುಗಳಲ್ಲಿ ಬೆಣ್ಣೆಗಿಂತ ಹೆಚ್ಚಿನದು ಕಂಡಿತು. ಫಿರಂಗಿ, ಮದ್ದುಗುಂಡು ಎಳೆಯಲು ಅವುಗಳಷ್ಟು ಚುರುಕಾದವು ಬೇರೆ ಇರಲಿಲ್ಲ. ಟಿಪ್ಪು ಬೆಣ್ಣೆ ಚಾವಡಿಯ ಹೆಸರನ್ನು 'ಅಮೃತಮಹಲ್' ಎಂದು ಬದಲಿಸಿದ. ಅವನ ಕಾಲಕ್ಕೆ ಕಾವಲುಗಳ ವಿಸ್ತೀರ್ಣ 4 ಲಕ್ಷ ಎಕರೆ ದಾಟಿತ್ತು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೂ ಈ ವ್ಯವಸ್ಥೆ ಅಳಿಯಲಿಲ್ಲ. ಟಿಪ್ಪುವನ್ನು ಸೋಲಿಸಿದ ಇಂಗ್ಲಿಷರಿಗೆ ಅವನ ಎತ್ತುಗಳು ಬೇಕಾಗಿದ್ದವು. 1860ರಲ್ಲಿ ಖರ್ಚು ಉಳಿಸಲೆಂದು ಮಂದೆಯನ್ನು ಮಾರಿದರು. ಆಮೇಲೆ ಫಿರಂಗಿ ಎಳೆಯಲು ಸರಿಯಾದ ಎತ್ತು ಸಿಗದೆ 1866ರಲ್ಲಿ ಮತ್ತೆ ಶುರುಮಾಡಿದರು. 1882ರಲ್ಲಿ ಅದು ಮೈಸೂರು ಸರ್ಕಾರಕ್ಕೆ ಮರಳಿತು. ಇಂದಿಗೂ ಅಜ್ಜಂಪುರದಲ್ಲಿ ಅಮೃತಮಹಲ್ ತಳಿ ಸಂವರ್ಧನ ಕೇಂದ್ರವಿದೆ. ನೀಳ ಕೊಂಬಿನ ಆ ಬೂದು ದನಗಳನ್ನು ಅಲ್ಲಿ ನೋಡಬಹುದು.

ಈ ಚರಿತ್ರೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಯುದ್ಧದ ಕಥೆಗಳಲ್ಲ, ಮೇವಿನ ಲೆಕ್ಕ. ಕಾವಲುಗಳನ್ನು ಮಳೆಗಾಲದವು, ಚಳಿಗಾಲದವು, ಬೇಸಿಗೆಯವು ಎಂದು ವಿಂಗಡಿಸಿದ್ದರು. ನೀರು, ನೆರಳು ಇದ್ದವು ಬೇಸಿಗೆಗೆ. ಒಂದು ಕಾವಲಿನ ಹುಲ್ಲು ತೀರುವ ಮೊದಲೇ ಮಂದೆ ಇನ್ನೊಂದಕ್ಕೆ ಹೊರಡುತ್ತಿತ್ತು. ಬಿಟ್ಟುಹೋದ ನೆಲ ಮುಂದಿನ ಮಳೆಗೆ ಚೇತರಿಸಿಕೊಳ್ಳುತ್ತಿತ್ತು. ಅಲ್ಲೊಂದು ಇಲ್ಲೊಂದು ಜಾಲಿ, ಹಳ್ಳದ ಬದಿಗೆ ಒಂದಷ್ಟು ಹೊಂಗೆ, ಉಳಿದಂತೆ ಕಣ್ಣು ಹಾಯುವಷ್ಟು ದೂರ ಹುಲ್ಲು. ಕಾವಲು ಬಯಲಾಗಿದ್ದದ್ದು ಯಾರದೋ ಅಲಕ್ಷ್ಯದಿಂದ ಅಲ್ಲ. ಮಳೆ ಕಡಿಮೆ ಬೀಳುವ ಆ ನೆಲದ ಸ್ವಭಾವವೇ ಹುಲ್ಲು. ಮಂದೆಗಳ ಮೇಯುವಿಕೆ ಮತ್ತು ಕಾಯುವವರ ಕಟ್ಟುಪಾಡು ಅದನ್ನು ಹಾಗೆಯೇ ಉಳಿಸಿದ್ದವು.

ದನಕ್ಕೆಂದು ಕಾಯ್ದ ನೆಲ ದನವನ್ನಷ್ಟೇ ಸಾಕಲಿಲ್ಲ. ಕೃಷ್ಣಮೃಗಕ್ಕೆ ವೈರಿಯಿಂದ ಉಳಿಯುವ ಉಪಾಯವೆಂದರೆ ದೂರದಿಂದಲೇ ಕಾಣುವುದು ಮತ್ತು ಓಡುವುದು. ದಟ್ಟ ಮರಗಳ ನಡುವೆ ಅದರ ಕಣ್ಣಿಗೂ ಬೆಲೆಯಿಲ್ಲ, ಕಾಲಿಗೂ ಬೆಲೆಯಿಲ್ಲ. ಉತ್ತರ ಕರ್ನಾಟಕದವರು ಎರೆಭೂತ ಎಂದು ಕರೆಯುವ ದೊಡ್ಡ ಹಕ್ಕಿ ಬರಿಯ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ; ಗೂಡು ಕಟ್ಟುವುದಿಲ್ಲ, ಮರ ಏರುವುದಿಲ್ಲ. ತೋಳ, ನರಿ, ಬಾನಾಡಿ, ನೆಲಗುಬ್ಬಿಗಳೆಲ್ಲ ಈ ಬಯಲಿನ ಒಕ್ಕಲುಗಳೇ.

ಹಾಗಾದರೆ ಈ ನೆಲಕ್ಕೆ ಮರ ಬಂದದ್ದು ಹೇಗೆ? ಮೊದಲು ಬಂದದ್ದು ಒಂದು ಪದ. ವಸಾಹತು ಕಾಲದ ಕಂದಾಯದ ಲೆಕ್ಕದಲ್ಲಿ ಉತ್ತ ನೆಲಕ್ಕೆ ಬೆಲೆ, ಮರವಿದ್ದ ನೆಲಕ್ಕೆ ಬೆಲೆ. ಎರಡೂ ಅಲ್ಲದ್ದು 'ಪಾಳು'. ಸ್ವಾತಂತ್ರ್ಯ ಬಂದ ಮೇಲೂ ಆ ಪದ ಕಡತಗಳಿಂದ ಹೊರಗೆ ಹೋಗಲಿಲ್ಲ. 1950ರಲ್ಲಿ ಕೆ. ಎಂ. ಮುನ್ಷಿಯವರು ವನಮಹೋತ್ಸವ ಆರಂಭಿಸಿದರು. 1985ರಲ್ಲಿ ರಾಷ್ಟ್ರೀಯ ಪಾಳುಭೂಮಿ ಅಭಿವೃದ್ಧಿ ಮಂಡಳಿ ಹುಟ್ಟಿ, ವರ್ಷಕ್ಕೆ 50 ಲಕ್ಷ ಹೆಕ್ಟೇರಿನಲ್ಲಿ ಗಿಡ ನೆಡುವ ಗುರಿ ಇಟ್ಟುಕೊಂಡಿತು. ಅಷ್ಟು ಗಿಡ ನೆಡಲು ಅಷ್ಟು ನೆಲ ಬೇಕಲ್ಲ? ಕಣ್ಣಿಗೆ ಬಿದ್ದದ್ದು ಗೋಮಾಳ, ಹುಲ್ಲುಬನ್ನಿ, ಕಾವಲು. ಒಳ್ಳೆಯ ಮನಸ್ಸಿನಿಂದಲೇ ನೆಟ್ಟರು. ನಾನೂ ಹಾಗೆಯೇ ನೆಟ್ಟವನು.

ನೆಡಲು ಸಿಕ್ಕ ಮರ ನೀಲಗಿರಿ. ಇಲ್ಲೊಂದು ವಿಚಿತ್ರವಿದೆ. ಕಾವಲುಗಳಿಗೆ ಅಮೃತಮಹಲ್ ಎಂಬ ಹೆಸರು ಕೊಟ್ಟ ಟಿಪ್ಪುವಿನ ಕಾಲದಲ್ಲೇ, 1790ರ ಸುಮಾರಿಗೆ, ನಂದಿಬೆಟ್ಟದ ತೋಟಕ್ಕೆ ಈ ಆಸ್ಟ್ರೇಲಿಯದ ಮರ ಬಂತು ಎನ್ನುತ್ತವೆ ಅರಣ್ಯಶಾಸ್ತ್ರದ ಪುಸ್ತಕಗಳು. ದೇಶದ ತುಂಬ ನೆಡಲಾದ 'ಮೈಸೂರು ಗಮ್' ಎಂಬ ಬಗೆಯ ಮೂಲವೂ ನಂದಿಯೇ. ಅಂದರೆ ಹುಲ್ಲನ್ನು ಕಾಯ್ದ ರಾಜ್ಯವೇ, ತಿಳಿಯದೆ, ಆ ಹುಲ್ಲನ್ನು ನುಂಗುವ ಮರದ ಬೀಜವನ್ನೂ ಜೋಪಾನ ಮಾಡಿತ್ತು.

ರಾಣೆಬೆನ್ನೂರಿನ ಕಥೆ ಇದರ ಪರಿಣಾಮವನ್ನು ಹೇಳುತ್ತದೆ. 1974ರಲ್ಲಿ ಅಲ್ಲಿನ 119 ಚದರ ಕಿಲೋಮೀಟರ್ ನೆಲವನ್ನು ಕೃಷ್ಣಮೃಗ ಅಭಯಾರಣ್ಯವೆಂದು ಘೋಷಿಸಿದರು. ಎರೆಭೂತವೂ ಅಲ್ಲಿ ಇತ್ತು. ಆದರೆ ಆ ಅಭಯಾರಣ್ಯದ ಬಹುಪಾಲು ನೀಲಗಿರಿ ನೆಡುತೋಪು. ಕೃಷ್ಣಮೃಗ ಹೊಲಗಳ ಅಂಚಿನಲ್ಲಿ, ಉಳಿದ ಬಯಲಿನಲ್ಲಿ ಹೇಗೋ ಬದುಕಿಕೊಂಡಿತು. ಎರೆಭೂತಕ್ಕೆ ಆ ಜಾಣತನ ಇರಲಿಲ್ಲ. ಅದು ಅಲ್ಲಿಂದ ಮರೆಯಾಯಿತು. ಬೇಟೆ, ಉಳುಮೆ ಮುಂತಾದ ಬೇರೆ ಕಾರಣಗಳೂ ಇದ್ದವು, ನಿಜ. ಆದರೆ ಒಂದು ಬಯಲುಹಕ್ಕಿಗೆ ಕೊಟ್ಟ ಅಭಯದಲ್ಲಿ ಬಯಲೇ ಇರಲಿಲ್ಲ ಎಂಬುದನ್ನು ಮರೆಯಲಾಗುವುದಿಲ್ಲ.

ಮರ ಕೀಳುವ ಮಾತು ಹೊಸದೆಂದು ಇಂದಿನ ವಿದ್ಯಾರ್ಥಿಗಳಿಗೆ ಅನ್ನಿಸಬಹುದು. ಕರ್ನಾಟಕದಲ್ಲಿ ಅದಕ್ಕೆ ನಾಲ್ಕು ದಶಕಗಳ ಇತಿಹಾಸವಿದೆ, ಅದನ್ನು ಮೊದಲು ಆಡಿದವರು ವನ್ಯಜೀವಿ ತಜ್ಞರಲ್ಲ. 1983ರ ಆಗಸ್ಟ್‌ನಲ್ಲಿ ತುಮಕೂರು ಜಿಲ್ಲೆಯ ರೈತರು ನರ್ಸರಿಗೆ ಹೋಗಿ ನೀಲಗಿರಿ ಸಸಿಗಳನ್ನು ಕಿತ್ತುಹಾಕಿ ಹುಣಸೆ, ಮಾವಿನ ಬೀಜ ಊರಿ ಬಂದರು. 1984ರಲ್ಲಿ ಆಗಿನ ಧಾರವಾಡ ಮತ್ತು ಸುತ್ತಲಿನ ಜಿಲ್ಲೆಗಳ ಸುಮಾರು 75,000 ಎಕರೆ ಸಮುದಾಯದ ನೆಲವನ್ನು ಕಾಗದ-ನಾರಿನ ಉದ್ಯಮಕ್ಕೆ ನೀಲಗಿರಿ ಬೆಳೆಯಲು ಒದಗಿಸುವ ಒಪ್ಪಂದವಾಯಿತು. ಅದರ ವಿರುದ್ಧ ಸಮಾಜ ಪರಿವರ್ತನ ಸಮುದಾಯ ಮತ್ತು ಶಿವರಾಮ ಕಾರಂತರು ಸುಪ್ರೀಂ ಕೋರ್ಟಿಗೆ ಹೋದರು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ ಸೇರಿ ನೀಲಗಿರಿ ಸಸಿ ಕಿತ್ತು, ಊರಿಗೆ ಬೇಕಾದ ಗಿಡ ಹಚ್ಚಿದರು. ಅದೇ 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹ. 1991ರಲ್ಲಿ ಆ ಯೋಜನೆ ನಿಂತಿತು. 2017ರಲ್ಲಿ ರಾಜ್ಯ ಸರ್ಕಾರವೇ ಅಂತರ್ಜಲದ ಚಿಂತೆಯಿಂದ ನೀಲಗಿರಿ ನೆಡುವುದನ್ನು ನಿಷೇಧಿಸಿತು.

ಅವರು ಜಿಂಕೆಗಾಗಿ ಕೀಳಲಿಲ್ಲ. ಮೇವಿಗಾಗಿ, ಸೌದೆಗಾಗಿ, ಸಮುದಾಯದ ಹಕ್ಕಿಗಾಗಿ ಕಿತ್ತರು. ಆದರೂ ಕುರಿಗಾಹಿಗೆ ಬೇಕಾದ ನೆಲ, ಕೃಷ್ಣಮೃಗಕ್ಕೆ ಬೇಕಾದ ನೆಲ ಎರಡೂ ಒಂದೇ ಎಂಬುದು ಈಗ ನಮಗೆ ಕಾಣುತ್ತಿದೆ.

ಕೀಳುವುದು ಹೇಳಿದಷ್ಟು ಸುಲಭವಲ್ಲ. ಗುಜರಾತಿನ ಕಚ್ಛ್‌ನಲ್ಲಿ ಬನ್ನಿ ಎಂಬ ಸುಮಾರು 2,500 ಚದರ ಕಿಲೋಮೀಟರಿನ ಹುಲ್ಲುಗಾವಲಿದೆ. ರಣ್‌ನ ಉಪ್ಪು ಮುಂದೊತ್ತುವುದನ್ನು ತಡೆಯಲೆಂದು 1961ರ ಹೊತ್ತಿಗೆ ಅಲ್ಲಿ ಅಮೆರಿಕ ಖಂಡದ ಒಂದು ಜಾಲಿಯನ್ನು ನೆಟ್ಟರು. ಅಲ್ಲಿಯವರು ಅದನ್ನು 'ಗಾಂಡೋ ಬಾವಳ್', ಹುಚ್ಚು ಜಾಲಿ ಎನ್ನುತ್ತಾರೆ. ನಮ್ಮ ಬಳ್ಳಾರಿ ಜಾಲಿ ಅದೇ. ಸಿಹಿಯಾದ ಅದರ ಕಾಯನ್ನು ದನ ತಿನ್ನುತ್ತದೆ, ಬೀಜ ಸಗಣಿಯಲ್ಲಿ ಹೊರಬಂದು ಹೋದಲ್ಲೆಲ್ಲ ಮೊಳೆಯುತ್ತದೆ. ಬನ್ನಿಯ ಹೆಚ್ಚುಕಡಿಮೆ ಅರ್ಧ ಇಂದು ಅದರ ಪಾಲಾಗಿದೆ. ಬರಿದೆ ಕಡಿದರೆ ಬುಡದಿಂದ ನಾಲ್ಕಾರು ಕವಲೊಡೆದು ಮೊದಲಿಗಿಂತ ದಟ್ಟವಾಗುತ್ತದೆ. ನೀಲಗಿರಿಯೂ ಕೂಳೆ ಚಿಗುರುವ ಮರವೇ. ಬೇರುಸಹಿತ ತೆಗೆದು, ಹುಲ್ಲು ನೆಲೆಯೂರುವವರೆಗೆ ಮೇಯಿಸದೆ ಕಾಯ್ದು, ಹೊಸ ಸಸಿ ಕಂಡಾಗಲೆಲ್ಲ ಕಿತ್ತ ಕಡೆಗಳಲ್ಲಿ ಬನ್ನಿಯ ಹುಲ್ಲು ಮರಳಿ ಬಂದಿದೆ.

ನಷ್ಟ ಯಾರಿಗೆ ಎಂಬ ಪ್ರಶ್ನೆಯೂ ಇದೆ. ಬಳ್ಳಾರಿ ಜಾಲಿಯ ಸೌದೆ, ಇದ್ದಿಲಿನಿಂದ ಒಲೆ ಉರಿಸುವ ಬಡವರು ಅಲ್ಲೂ ಇದ್ದಾರೆ, ಇಲ್ಲೂ ಇದ್ದಾರೆ. ಅವರನ್ನು ಕೇಳದೆ ಯಂತ್ರ ನುಗ್ಗಿಸಿದರೆ, ಅಂದು ಕೇಳದೆ ನೆಟ್ಟವರಿಗೂ ಇಂದು ಕೇಳದೆ ಕಿತ್ತವರಿಗೂ ವ್ಯತ್ಯಾಸ ಉಳಿಯುವುದಿಲ್ಲ. ಅಲ್ಲಲ್ಲಿ ತಾನಾಗಿ ನಿಂತ ಹಳೆಯ ಜಾಲಿ, ಹೊಂಗೆಗಳು ಕಾವಲಿನವೇ. ಅವಕ್ಕೆ ಕೊಡಲಿ ತಾಗಬಾರದು.

ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲು 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. 7 ಚದರ ಕಿಲೋಮೀಟರಿಗಿಂತ ತುಸು ಹೆಚ್ಚು. ಕಳೆದ ಕಾರ್ತಿಕದಲ್ಲಿ ಅಲ್ಲಿಗೆ ಹೋಗಿದ್ದೆ. ಒಣಗುತ್ತಿದ್ದ ಹುಲ್ಲಿನ ನಡುವೆ ಕೃಷ್ಣಮೃಗಗಳ ಹಿಂಡೊಂದು ನಿಂತಿತ್ತು. ನಾನು ಅವನ್ನು ಕಾಣುವ ಎಷ್ಟೋ ಮೊದಲೇ ಅವು ನನ್ನನ್ನು ಕಂಡಿದ್ದವು.

ಅಲ್ಲಿಂದ ಊರಿಗೆ ಬಂದು ನಾವು ಗಿಡ ನೆಟ್ಟ ಜಾಗಕ್ಕೆ ಹೋದೆ. ಮೂರ್ನಾಲ್ಕು ಸಲ ಕಡಿದು ಮಾರಿದ ಮೇಲೂ ನೀಲಗಿರಿ ಕೂಳೆ ಚಿಗುರಿ ನಿಂತಿತ್ತು. ಕೆಳಗೆ ತರಗೆಲೆ, ಹುಲ್ಲು ಬೆರಳೆಣಿಕೆಗೆ ಸಿಗುವಷ್ಟು. ನನ್ನ ಎರಡು ಗಿಡ ಯಾವುವೆಂದು ಗೊತ್ತಾಗಲಿಲ್ಲ. ಗೊತ್ತಾಗಿದ್ದರೆ ಕಡಿಯಲು ಕೈ ಬರುತ್ತಿತ್ತೇ ಎಂದು ಕೇಳಿಕೊಂಡೆ. ಮರ ಕಡಿಯುವುದು ಪಾಪ ಎಂದು ಕಲಿತ ಕೈ ಅದು. ಕುಸನೂರಿನವರು ಕಿತ್ತ ಜಾಗದಲ್ಲಿ ಹಚ್ಚಲು ಬೇರೆ ಗಿಡ ತಂದಿದ್ದರು. ಹುಲ್ಲುಗಾವಲಿನಲ್ಲಿ ಕಿತ್ತ ಮೇಲೆ ಹಚ್ಚುವುದಕ್ಕೆ ಏನೂ ಇಲ್ಲ. ಫೋಟೊ ತೆಗೆಸಿಕೊಳ್ಳುವಂಥದ್ದೂ ಇಲ್ಲ. ಮಳೆಗೆ ಕಾದು, ವರ್ಷವರ್ಷವೂ ಕಾಯಬೇಕು.

ಅಜ್ಜ ಈಗಿಲ್ಲ. ಇದ್ದಿದ್ದರೆ ಅವನ ಪ್ರಶ್ನೆಗೆ ಉತ್ತರ ಹೇಳುತ್ತಿದ್ದೆ: ಹೌದಜ್ಜ, ಹುಲ್ಲಿನ ಮೇಲೆಯೇ ನೆಟ್ಟು ಬಂದೆ. ಅದು ಪಾಳಲ್ಲ, ಕಾವಲು ಅಂತ ಶಾಲೆಯಲ್ಲಿ ಯಾರೂ ಹೇಳಿರಲಿಲ್ಲ.