ಚೀಲ ಹೊತ್ತವರ ಗಾಲ್ಫ್

ರವೀಂದ್ರನಗರದ ಓಣಿಗಳಲ್ಲಿ ಹುಡುಗರು ಗೋಲಿ ಆಡುವುದನ್ನು ನೀವು ನೋಡಿದ್ದೀರಿ; ಇಲ್ಲವೆ ಚಿಕ್ಕಂದಿನಲ್ಲಿ ನೀವೇ ಆಡಿದ್ದೀರಿ. ನೆಲದಲ್ಲೊಂದು ಕುಳಿ, ಅದರೊಳಕ್ಕೆ ಗೋಲಿ ಬೀಳಬೇಕು, ಅಷ್ಟೆ. ಬೆರಳಿನ ಬದಲು ಕೋಲು ಹಿಡಿದು, ಕುಳಿಯನ್ನು ನೂರಾರು ಗಜ ದೂರಕ್ಕೆ ಒಯ್ದರೆ ಗಾಲ್ಫ್ ಆಗುತ್ತದೆ. ಇಷ್ಟು ಸರಳವಾದ ಆಟ ಸಿರಿವಂತರದೆಂಬ ಹೆಸರು ಪಡೆದದ್ದು ಹೇಗೆ? ಅದರ ಕಥೆಯನ್ನು ತುಸು ಹಿಂದಿನಿಂದ ನೋಡೋಣ.

1457ರಲ್ಲಿ ಸ್ಕಾಟ್ಲೆಂಡಿನ ದೊರೆ ಎರಡನೆಯ ಜೇಮ್ಸನ ಕಾಲದ ಪಾರ್ಲಿಮೆಂಟು ಗಾಲ್ಫನ್ನು ನಿಷೇಧಿಸಿತು. ಜನ ಬಿಲ್ಲುವಿದ್ಯೆಯ ಅಭ್ಯಾಸ ಬಿಟ್ಟು ಈ ಆಟಕ್ಕೆ ಬಿದ್ದಿದ್ದಾರೆಂಬುದೇ ಕಾರಣ. ನಿಷೇಧಿಸಬೇಕಾದಷ್ಟು ಮಂದಿ ಆಡುತ್ತಿದ್ದರೆಂದರೆ ಅದು ಅರಮನೆಯ ಆಟವಷ್ಟೇ ಆಗಿರಲಿಲ್ಲವೆಂದಾಯಿತು. ಆಡುವ ನೆಲಕ್ಕೂ ಖರ್ಚಿರಲಿಲ್ಲ. ಕಡಲ ದಂಡೆಯ ಮರಳುನೆಲ ಬೇಸಾಯಕ್ಕೆ ಒದಗದು; ಕುರಿಗಳು ಮೇಯ್ದು ಹುಲ್ಲನ್ನು ಗಿಡ್ಡವಾಗಿಡುತ್ತಿದ್ದವು.

ಖರ್ಚೆಲ್ಲ ಇದ್ದದ್ದು ಚೆಂಡಿನಲ್ಲಿ. ಬೇಯಿಸಿದ ಹಕ್ಕಿಯ ಗರಿಗಳನ್ನು ತೊಗಲಿನ ಚೀಲದೊಳಗೆ ಗಿಡಿದು ಹೊಲಿದ ಚೆಂಡು ಅದು. ನುರಿತ ಕೆಲಸಗಾರನೂ ದಿನಕ್ಕೆ ಮೂರು ನಾಲ್ಕಕ್ಕಿಂತ ಹೆಚ್ಚು ಮಾಡಲಾರ. ಮಳೆಯಲ್ಲಿ ನೆನೆದರೆ ಕೆಟ್ಟಿತು. 1848ರ ಸುಮಾರಿಗೆ ಮಲಯ ದೇಶದ ಮರದ ಅಂಟಾದ ಗಟ್ಟಾಪರ್ಚಾದ ಚೆಂಡು ಬಂತು. ಬಿಸಿನೀರಿನಲ್ಲಿ ಮೆತ್ತಗಾಗಿಸಿ ಉಂಡೆ ಕಟ್ಟಿದರೆ ಚೆಂಡು. ಒಡೆದರೆ ಮತ್ತೆ ಕಾಯಿಸಿ ಕಟ್ಟಬಹುದು. ಸೇಂಟ್ ಆಂಡ್ರೂಸಿನಲ್ಲಿ ಗರಿಯ ಚೆಂಡು ಮಾಡುತ್ತಿದ್ದ ಅಲನ್ ರಾಬರ್ಟ್‌ಸನ್ ಇದರಿಂದ ಕೆರಳಿದ. ಅವನ ಕೈಕೆಳಗಿದ್ದ ಟಾಮ್ ಮಾರಿಸ್ ಹೊಸ ಚೆಂಡಿನಲ್ಲಿ ಆಡಿದನೆಂದು ಇಬ್ಬರಿಗೂ ಮನಸ್ತಾಪವಾಗಿ, ಮಾರಿಸ್ ಅಂಗಡಿಯನ್ನೇ ಬಿಟ್ಟು ಹೋದ. ಆದರೆ ಅಗ್ಗದ ಚೆಂಡೇ ಗೆದ್ದಿತು. ಅದರೊಂದಿಗೆ ಆಟವೂ ಹರಡಿತು.

ನಮ್ಮ ದೇಶದಲ್ಲಿ ಕಥೆ ತಿರುವುಮುರುವಾಯಿತು. 1829ರಲ್ಲಿ ಕಲ್ಕತ್ತೆಯಲ್ಲಿ, 1876ರಲ್ಲಿ ಬೆಂಗಳೂರಿನಲ್ಲಿ ಗಾಲ್ಫ್ ಕ್ಲಬ್ಬುಗಳು ಹುಟ್ಟಿದವು. ಇಲ್ಲಿ ಆಟಕ್ಕೆ ಬಂದದ್ದು ಊರಿನ ಬಯಲಲ್ಲ, ಬೇಲಿ ಹಾಕಿದ ನೆಲ. ಬೇಸಗೆಯಲ್ಲೂ ನೀರುಣಿಸಿ ಸಾಕಬೇಕಾದ ಹುಲ್ಲು. ಚೆಂಡು ಅಗ್ಗವಾದರೂ ನೆಲ ದುಬಾರಿಯಾಯಿತು. ಸದಸ್ಯತ್ವವಿಲ್ಲದವನಿಗೆ ಬಾಗಿಲು ಮುಚ್ಚಿತು.

ಆದರೆ ಒಂದು ಹಿಂಬಾಗಿಲು ಉಳಿಯಿತು. ಆಟಗಾರನ ಕೋಲುಗಳ ಚೀಲವನ್ನು ಹೊರಲು ಆಳು ಬೇಕಷ್ಟೆ? ಅವನೇ ಕ್ಯಾಡಿ. ಸುತ್ತಲಿನ ಹಳ್ಳಿಕೇರಿಗಳ ಬಡಹುಡುಗರು ಕೂಲಿಗಾಗಿ ಒಳಗೆ ಬಂದರು. ಚೀಲ ಹೊರುತ್ತ ಗಾಳಿ ನೋಡುವುದನ್ನು, ನೆಲದ ಇಳಿಜಾರು ಓದುವುದನ್ನು ಕಲಿತರು. ವಾರಕ್ಕೊಂದು ದಿನ ಕ್ಯಾಡಿಗಳಿಗೆ ಆಡಲು ಬಿಡುವ ರೂಢಿ ಹಲವು ಕ್ಲಬ್ಬುಗಳಲ್ಲಿ ಬೆಳೆಯಿತು. ಅದೇ ಅವರ ಪಾಠಶಾಲೆ.

ಇದು ನಮ್ಮಲ್ಲಿ ಮಾತ್ರ ನಡೆದದ್ದಲ್ಲ. 1913ರಲ್ಲಿ ಅಮೆರಿಕದ ಓಪನ್ ಪಂದ್ಯದಲ್ಲಿ, ಹಿಂದೆ ಅದೇ ಮೈದಾನದಲ್ಲಿ ಕ್ಯಾಡಿಯಾಗಿದ್ದ ಇಪ್ಪತ್ತರ ಹರೆಯದ ಫ್ರಾನ್ಸಿಸ್ ವೀಮೆಟ್, ಹೆಸರಾಂತ ವಾರ್ಡನ್ ಮತ್ತು ರೇ ಇಬ್ಬರನ್ನೂ ಸೋಲಿಸಿದ. ಅವನ ಚೀಲ ಹೊತ್ತಿದ್ದವನು ಹತ್ತು ವರ್ಷದ ಹುಡುಗ. ನಮ್ಮಲ್ಲಿ, ದೆಹಲಿಯಲ್ಲಿ ಕ್ಯಾಡಿಯಾಗಿದ್ದ ಅಲಿ ಶೇರ್ 1991ರಲ್ಲಿ ಇಂಡಿಯನ್ ಓಪನ್ ಗೆದ್ದರು, 1993ರಲ್ಲಿ ಮತ್ತೊಮ್ಮೆ. ಬೆಂಗಳೂರಿನಲ್ಲಿ ಕ್ಯಾಡಿಯಾಗಿ ಆಟ ಕಲಿತ ಸಿ. ಮುನಿಯಪ್ಪ 2009ರಲ್ಲಿ ಅದೇ ಪ್ರಶಸ್ತಿಯನ್ನು ಕನ್ನಡನಾಡಿಗೆ ತಂದರು. ಬಿಡದಿಯ ಬಳಿಯ ಹಳ್ಳಿಯ ಹುಡುಗ ಎಸ್. ಚಿಕ್ಕರಂಗಪ್ಪ, ಊರ ಪಕ್ಕದ ಗಾಲ್ಫ್ ಮೈದಾನದಲ್ಲೇ ಆಟ ಹಿಡಿದು, 2010ರಲ್ಲಿ ಅಖಿಲ ಭಾರತ ಅಮೆಚೂರ್ ಪ್ರಶಸ್ತಿ ಪಡೆದರು.

ಇವರ ಗೆಲುವನ್ನು ಮೆಚ್ಚುವಾಗ ಇನ್ನೊಂದನ್ನು ಮರೆಯಬಾರದು: ಒಬ್ಬ ಗೆದ್ದಲ್ಲಿ, ಚೀಲ ಹೊತ್ತೇ ಮುಪ್ಪಾದವರು ಅನೇಕರು. ಆಟಕ್ಕೆ ಬೇಕಾದ ಸಾಮಾನು ಹೆಚ್ಚೇನಲ್ಲ. ನಿಯಮದಂತೆ ಹದಿನಾಲ್ಕು ಕೋಲಿಗಿಂತ ಹೆಚ್ಚು ಒಯ್ಯಕೂಡದು, ಕಡಮೆಯಾದರೆ ಅಡ್ಡಿಯಿಲ್ಲ. ಯಾರೋ ಬಿಟ್ಟ ಐದಾರು ಹಳೆಯ ಕೋಲುಗಳಲ್ಲೇ ಆಟ ಕಲಿಯಬಹುದು. ಕೊರತೆ ಇರುವುದು ನೆಲದ್ದು. ಸೇಂಟ್ ಆಂಡ್ರೂಸಿನ ಹಳೆಯ ಮೈದಾನ ಇಂದಿಗೂ ಸಾರ್ವಜನಿಕರದು. ಸಾಮಾನ್ಯವಾಗಿ ಭಾನುವಾರ ಅಲ್ಲಿ ಆಟವಿಲ್ಲ, ಊರಿನವರು ಮಕ್ಕಳುಮರಿಗಳೊಂದಿಗೆ ತಿರುಗಾಡುತ್ತಾರೆ. ನಮ್ಮ ಊರುಗಳು ಬೆಳೆಯುವಾಗ ಬಡಾವಣೆಗೊಂದು ಬಯಲನ್ನು ಉಳಿಸಿಕೊಟ್ಟರೆ, ಗೋಲಿಯ ಕುಳಿಯಿಂದ ಗಾಲ್ಫಿನ ಕುಳಿಗೆ ನಮ್ಮ ಮಕ್ಕಳಿಗೂ ದೂರವೇನಿಲ್ಲ.