ನಡುಕಕ್ಕೆ ನಡುಕವೇ ಮದ್ದೇ?

ಪ್ಯಾರಿಸ್ಸಿನ ಸಾಲ್‌ಪೆಟ್ರಿಯೇರ್ ಆಸ್ಪತ್ರೆಗೆ ದೂರದೂರುಗಳಿಂದ ಬರುತ್ತಿದ್ದ ಪಾರ್ಕಿನ್ಸನ್ ರೋಗಿಗಳಲ್ಲಿ ಕೆಲವರು ಒಂದು ವಿಚಿತ್ರ ಮಾತು ಹೇಳುತ್ತಿದ್ದರು. ರೈಲಿನಲ್ಲೋ ಕುದುರೆಗಾಡಿಯಲ್ಲೋ ಗಂಟೆಗಟ್ಟಲೆ ಕುಲುಕಾಡಿಕೊಂಡು ಬಂದರೆ ಮೈ ಹಗುರವಾಗುತ್ತದೆ, ಇಳಿದ ಮೇಲೂ ಸ್ವಲ್ಪ ಹೊತ್ತು ಆ ಹಗುರ ಉಳಿಯುತ್ತದೆ ಎಂದು. ಬೇರೆ ವೈದ್ಯರಾಗಿದ್ದರೆ ತಲೆಯಾಡಿಸಿ ಮುಂದಿನ ರೋಗಿಯನ್ನು ಕರೆಯುತ್ತಿದ್ದರೇನೋ. ಝಾನ್ ಮಾರ್ಟಿನ್ ಶಾರ್ಕೋ ಅದನ್ನು ಕಿವಿಗೊಟ್ಟು ಕೇಳಿದರು, ಕೇಳಿ ಒಂದು ಕುರ್ಚಿ ಮಾಡಿಸಿದರು. ವಿದ್ಯುತ್ ಮೋಟಾರಿನಿಂದ ಗಡಗಡ ಅಲುಗಾಡುವ ಕುರ್ಚಿ. ಆರೋಗ್ಯವಂತರಿಗೆ ಅದರಲ್ಲಿ ಕೂರುವುದೇ ಹಿಂಸೆ, ರೋಗಿಗಳು ಮಾತ್ರ ಎದ್ದಾಗ ದಣಿವು ಇಳಿದವರಂತೆ ಹೆಜ್ಜೆ ಹಾಕುತ್ತಿದ್ದರು.

ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಆರು ಜನರ ಲಕ್ಷಣಗಳನ್ನು ಆಧರಿಸಿ ಈ ಕಾಯಿಲೆಯನ್ನು ವರ್ಣಿಸಿದ್ದರು. ಅದಕ್ಕೆ ಅವರ ಹೆಸರನ್ನೇ ಇಟ್ಟವರು ಶಾರ್ಕೋ. ನಡುಕವೊಂದೇ ಕಾಯಿಲೆಯಲ್ಲ, ಮೈಯ ಬಿಗಿತ ಮತ್ತು ಚಲನೆಯ ನಿಧಾನ ಬೇರೆಬೇರೆ ತೊಂದರೆಗಳು ಎಂದು ಬಿಡಿಸಿ ತೋರಿಸಿದವರೂ ಅವರೇ. ಆ ಸೂಕ್ಷ್ಮ 1892ರಲ್ಲಿ ಅವರು ಕಂಪನ ಚಿಕಿತ್ಸೆಯ ಬಗ್ಗೆ ಕೊಟ್ಟ ಉಪನ್ಯಾಸದಲ್ಲೂ ಕಾಣುತ್ತದೆ. ಕೆಲವು ಸಲ ಕುರ್ಚಿಯಲ್ಲಿ ಕೂತ ರೋಗಿಗಳಿಗೆ ಬಿಗಿತ ಸಡಿಲಾಗುತ್ತದೆ, ನಿದ್ದೆ ಚೆನ್ನಾಗಿ ಬರುತ್ತದೆ ಎಂದರು. ನಡುಕ ಹೋಗುತ್ತದೆ ಎಂದು ಹೇಳಿಕೊಳ್ಳಲಿಲ್ಲ. ತಾನೇ ಮಾಡಿಸಿದ ಯಂತ್ರದ ಬಗ್ಗೆ ಇಷ್ಟು ಅಳತೆಯಲ್ಲಿ ಮಾತಾಡುವುದು ಇವತ್ತಿಗೂ ಅಪರೂಪ. ಮರುವರ್ಷ, 1893ರಲ್ಲಿ, ಶಾರ್ಕೋ ತೀರಿಕೊಂಡರು. ಶಿಷ್ಯ ಝಿಲ್ ದ ಲಾ ಟುರೆಟ್ ತಲೆಗೆ ಹಾಕುವ ಕಂಪಿಸುವ ಶಿರಸ್ತ್ರಾಣವನ್ನೂ ಮಾಡಿ ನೋಡಿದರು. ಆಮೇಲೆ ಕುರ್ಚಿ ಮೂಲೆ ಸೇರಿತು.

ಮರೆವಿಗೆ ಇನ್ನೊಂದು ಬಲವಾದ ಕಾರಣ ಮುಂದಿನ ಶತಮಾನದಲ್ಲಿ ಬಂತು. ಮಿದುಳಿನ ಆಳದಲ್ಲಿ ಡೋಪಮೀನ್ ತಯಾರಿಸುವ ನರಕೋಶಗಳು ಸಾಯುವುದೇ ಈ ಕಾಯಿಲೆಯ ಮುಖ್ಯ ಕಾರಣ ಎಂದು ಗೊತ್ತಾಯಿತು. 1961ರಲ್ಲಿ ವಿಯೆನ್ನಾದಲ್ಲಿ ಲೆವೊಡೋಪಾ ಚುಚ್ಚುಮದ್ದು ಕೊಟ್ಟಾಗ ಏಳಲಾಗದವರು ಎದ್ದು ನಡೆದರು. 1967ರ ಹೊತ್ತಿಗೆ ಜಾರ್ಜ್ ಕೋಟ್ಜಿಯಾಸ್ ಅದನ್ನು ದಿನವೂ ನುಂಗುವ ಔಷಧವಾಗಿಸಿದರು. ನಮ್ಮ ಬೇಲಿಗಳಲ್ಲಿ ಬೆಳೆದು ಮುಟ್ಟಿದವರಿಗೆ ತುರಿಕೆ ಹತ್ತಿಸುವ ನಸುಗುನ್ನಿಯ ಬೀಜದಲ್ಲಿ ಇದೇ ಲೆವೊಡೋಪಾ ಇದೆ ಎಂದು ದಾಮೋದರನ್ ಮತ್ತು ರಾಮಸ್ವಾಮಿ ಎಂಬ ಭಾರತೀಯ ವಿಜ್ಞಾನಿಗಳು 1937ರಲ್ಲೇ ಬರೆದಿದ್ದರು. ಆಯುರ್ವೇದ ಕಂಪವಾತಕ್ಕೆ ಅದನ್ನು ಕೊಡುತ್ತಾ ಬಂದಿದೆ. ಇಷ್ಟು ಬಲವಾದ ಮದ್ದು ಕೈಗೆ ಸಿಕ್ಕ ಮೇಲೆ ಅಲುಗಾಡುವ ಕುರ್ಚಿ ಯಾರಿಗೆ ಬೇಕು?

ಆದರೆ ಲೆವೊಡೋಪಾ ಕೋಶಗಳ ಸಾವನ್ನು ತಡೆಯುವುದಿಲ್ಲ. ವರ್ಷಗಳು ಕಳೆದಂತೆ ಒಂದು ಮಾತ್ರೆಯ ಪ್ರಭಾವ ಮುಂದಿನ ಮಾತ್ರೆಯ ಹೊತ್ತಿಗಿಂತ ಮುಂಚೆಯೇ ಇಳಿಯತೊಡಗುತ್ತದೆ, ಕೈಕಾಲು ತಮ್ಮಷ್ಟಕ್ಕೆ ತಿರುಚಾಡುತ್ತವೆ. ಹೀಗಾಗಿ ಮಾತ್ರೆಯ ಜೊತೆಗೆ ಕೊಡಬಹುದಾದ ಚಿಕಿತ್ಸೆಗಳ ಹುಡುಕಾಟ ಮತ್ತೆ ಶುರುವಾಗಿ ಕಂಪನವೂ ವಾಪಸ್ಸು ಬಂತು, ಈ ಸಲ ಜಿಮ್‌ಗಳಲ್ಲಿ ಕಾಣುವಂಥ ಕಂಪಿಸುವ ಹಲಗೆಯ ರೂಪದಲ್ಲಿ. ಜರ್ಮನಿಯ ಕ್ರಿಸ್ಟಿಯಾನ್ ಹಾಸ್ ತಂಡ 2006ರಲ್ಲಿ 68 ರೋಗಿಗಳನ್ನು ಅದರ ಮೇಲೆ ನಿಲ್ಲಿಸಿ, ಚಲನೆಯ ಲಕ್ಷಣಗಳ ಅಂಕ ಸರಾಸರಿ ಶೇ. 16.8ರಷ್ಟು ಸುಧಾರಿಸಿತು ಎಂದು ವರದಿ ಮಾಡಿತು. ಉತ್ಸಾಹ ಉಕ್ಕಿತು. ಆದರೆ ಅಲ್ಲಿ ಹೋಲಿಕೆಯಾದದ್ದು ಹಲಗೆ ಮತ್ತು ಬರಿಯ ವಿಶ್ರಾಂತಿಯ ನಡುವೆ. 2008ರಲ್ಲಿ ಜರ್ಮನಿಯದೇ ಎಬರ್ಸ್‌ಬಾಕ್ ತಂಡ ಹಲಗೆಯನ್ನು ಮಾಮೂಲಿ ಸಮತೋಲನದ ಫಿಸಿಯೋಥೆರಪಿಯ ಪಕ್ಕದಲ್ಲಿಟ್ಟು ನೋಡಿದಾಗ ಎರಡೂ ಗುಂಪುಗಳಲ್ಲಿ ಸುಧಾರಣೆ ಕಂಡಿತು, ಹಲಗೆಯದೇ ಎನ್ನಬಹುದಾದ ಹೆಚ್ಚುಗಾರಿಕೆ ಕಾಣಲಿಲ್ಲ. ಮರುವರ್ಷ ಸ್ಪೇನಿನ ಅರಿಯಾಸ್ ತಂಡ ನಿಜವಾದ ಕಂಪನ ಸಿಗದ ಗುಂಪನ್ನೂ ಇಟ್ಟುಕೊಂಡಿತು. ಆ ಗುಂಪೂ ಅಷ್ಟೇ ಸುಧಾರಿಸಿತು.

ಶಾರ್ಕೋನ ಕುರ್ಚಿಯ ಸರದಿ 2012ರಲ್ಲಿ ಬಂತು. ಶಿಕಾಗೋದ ರಷ್ ವಿಶ್ವವಿದ್ಯಾಲಯದಲ್ಲಿ ಕ್ರಿಸ್ಟೋಫರ್ ಗೆಟ್ಜ್ ಮತ್ತು ಸಂಗಡಿಗರು ಕಂಪಿಸುವ ಆರಾಮಕುರ್ಚಿಯಲ್ಲಿ ಕೆಲವು ರೋಗಿಗಳಿಗೆ ಕಂಪನದ ಜೊತೆ ಹಿತವಾದ ಶಬ್ದ ಕೇಳಿಸಿದರು, ಉಳಿದವರಿಗೆ ಬರೀ ಶಬ್ದ. ಇಬ್ಬರಿಗೂ ಗುಣ ಕಂಡಿತು, ಇಬ್ಬರಿಗೂ ಒಂದೇ ಸಮ. ಶಾರ್ಕೋನ ರೋಗಿಗಳು ಸುಳ್ಳು ಹೇಳಿರಲಿಲ್ಲ. ಅವರಿಗೆ ನಿಜವಾಗಿಯೂ ಹಾಯೆನಿಸಿತ್ತು. ಹಾಯೆನಿಸಿದ್ದು ಅಲುಗಾಟದಿಂದಲೇ ಎನ್ನಲು ಮಾತ್ರ ಆಧಾರ ಸಿಗಲಿಲ್ಲ.

ಇಡೀ ಕ್ಷೇತ್ರದ ಗಂಟು ಇರುವುದು ಇಲ್ಲಿಯೇ. 2001ರಲ್ಲಿ ಕೆನಡಾದ ವ್ಯಾಂಕೂವರ್‌ನ ಸಂಶೋಧಕರು ಔಷಧವೆಂದು ನಂಬಿ ಉಪ್ಪುನೀರು ಚುಚ್ಚಿಸಿಕೊಂಡ ಪಾರ್ಕಿನ್ಸನ್ ರೋಗಿಗಳ ಮಿದುಳನ್ನು ಸ್ಕ್ಯಾನ್ ಮಾಡಿದರು. ಒಳಗೆ ಡೋಪಮೀನ್ ಹರಿದಿತ್ತು. ಯಾವ ರಾಸಾಯನಿಕದ ಕೊರತೆಯಿಂದ ಈ ಕಾಯಿಲೆ ಬರುತ್ತದೋ ಅದನ್ನೇ ಭರವಸೆ ಒಸರಿಸುತ್ತದೆ! ಅಲ್ಲಿಯವರೇ 2010ರಲ್ಲಿ ಇನ್ನಷ್ಟು ಒಳಹೊಕ್ಕರು. ಸಿಗುವುದು ನಿಜವಾದ ಮದ್ದೇ ಆಗಿರುವ ಸಾಧ್ಯತೆ ಶೇ. 25, 50, 75, 100 ಎಂದು ಬೇರೆಬೇರೆ ರೋಗಿಗಳಿಗೆ ಹೇಳಿದಾಗ, ಎದ್ದು ಕಾಣುವಷ್ಟು ಡೋಪಮೀನ್ ಬಿಡುಗಡೆಯಾದದ್ದು ಶೇ. 75 ಎಂದು ಕೇಳಿಸಿಕೊಂಡವರಲ್ಲಿ. 2015ರ ಅಮೆರಿಕದ ಒಂದು ಅಧ್ಯಯನದಲ್ಲಿ ಅದೇ ಉಪ್ಪುನೀರಿಗೆ ಹೆಚ್ಚು ಬೆಲೆ ಹೇಳಿದಾಗ ಗುಣವೂ ಹೆಚ್ಚು ಕಂಡಿತು. ಕಂಪಿಸುವ ಸಾಧನಗಳ ಬೆಲೆ ನೋಡುವಾಗಲೆಲ್ಲ ನನಗೆ ಈ ಅಧ್ಯಯನ ನೆನಪಾಗುತ್ತದೆ. ಭರವಸೆಯಿಂದ ಬಂದ ಸುಧಾರಣೆಯನ್ನು ಹೀಗಳೆಯಬೇಕೆಂದಲ್ಲ. ಆದರೆ ಅದು ಎಷ್ಟು ದಿನ ನಿಲ್ಲುತ್ತದೆ, ರೋಗಿಯ ದುಡ್ಡು ಯಾವುದಕ್ಕೆ ಹೋಗುತ್ತಿದೆ ಎಂಬುದು ಅವರಿಗೆ ಗೊತ್ತಿರಬೇಕು. ಹೋಲಿಕೆಯ ಗುಂಪಿಲ್ಲದ ಪ್ರಯೋಗದಿಂದ ಅದು ತಿಳಿಯುವುದಿಲ್ಲ.

ಈಗ ಹೆಚ್ಚು ಸುದ್ದಿಯಲ್ಲಿರುವ, ಬೆರಳುಗಳಿಗೆ ಕಂಪನ ಕೊಡುವ ಕೈಗವಸಿನ ಬೇರು ಬೇರೆ ಕಡೆ ಇದೆ. ಪಾರ್ಕಿನ್ಸನ್ ರೋಗಿಗಳ ಮಿದುಳಿನ ಕೆಲವು ಭಾಗಗಳಲ್ಲಿ ನರಕೋಶಗಳು ಒಂದೇ ತಾಳಕ್ಕೆ ಕಟ್ಟುಬಿದ್ದಂತೆ ಒಟ್ಟಿಗೆ ಮಿಡಿಯುತ್ತವೆ. ಮಿದುಳಿಗೆ ತಂತಿ ಇಳಿಸಿ ಉದ್ದೀಪಿಸುವ ಶಸ್ತ್ರಚಿಕಿತ್ಸೆ ಆ ತಾಳವನ್ನು ಅಡಗಿಸುತ್ತದೆ. ಜರ್ಮನಿಯ ಯೂಲಿಷ್‌ನಲ್ಲಿದ್ದು ಮುಂದೆ ಸ್ಟ್ಯಾನ್‌ಫರ್ಡ್ ಸೇರಿದ ಪೀಟರ್ ಟಾಸ್ ಅವರ ವಿಚಾರ ಹೀಗೆ: ಬೇರೆಬೇರೆ ಕೋಶಗುಂಪುಗಳನ್ನು ಬೇರೆಬೇರೆ ಕ್ಷಣಕ್ಕೆ ತಟ್ಟಿದರೆ ತಾಳ ಮುರಿಯುತ್ತದೆ, ಕೋಶಗಳು ನಿಧಾನವಾಗಿ ಆ ಚಟವನ್ನೇ ಮರೆಯುತ್ತವೆ. ತಟ್ಟಲು ತಲೆಬುರುಡೆ ತೆರೆಯಲೇಬೇಕೇ? ಬೆರಳ ತುದಿಗೆ ಮಿದುಳಿನಲ್ಲಿ ದೊಡ್ಡ ಜಾಗವಿದೆ. ಚರ್ಮದಡಿಯ ಪಾಚೀನಿ ಎಂಬ ಸಂವೇದಕಗಳು ಸೆಕೆಂಡಿಗೆ 250ರ ಆಸುಪಾಸಿನ ಕಂಪನಕ್ಕೆ ಚೆನ್ನಾಗಿ ಸ್ಪಂದಿಸುತ್ತವೆ. ಹಾಗಾಗಿ ಕೈಗವಸು ಒಂದು ಬೆರಳಿಗೆ ಕ್ಷಣಮಾತ್ರ ಗುಂಯ್‌ಗುಟ್ಟಿ, ಮುಂದೆ ಯಾವ ಬೆರಳೆಂದು ಊಹಿಸಲಾಗದಂತೆ ಇನ್ನೊಂದಕ್ಕೆ ಜಿಗಿಯುತ್ತದೆ. 2018ರಲ್ಲಿ 5 ರೋಗಿಗಳ ಮೇಲೆ, 2021ರಲ್ಲಿ ಇನ್ನೊಂದಷ್ಟು ಜನರ ಮೇಲೆ ನಡೆದ ಅಧ್ಯಯನಗಳು ಒಳ್ಳೆಯ ಫಲ ತೋರಿಸಿದವು. ಸಿದ್ಧಾಂತ ನನಗೆ ಇಷ್ಟವಾಗುತ್ತದೆ, ಏಕೆಂದರೆ ಅದನ್ನು ಸುಳ್ಳೆಂದು ತೋರಿಸಲು ದಾರಿಯಿದೆ. ಆದರೆ ಆ ರೋಗಿಗಳನ್ನು ಬೆರಳಲ್ಲಿ ಎಣಿಸಬಹುದು, ಹೋಲಿಕೆಗೆ ಗುಂಪೂ ಇರಲಿಲ್ಲ.

ಕಂಪನವನ್ನು ಚಿಕಿತ್ಸೆ ಎನ್ನದೆ ಬರೀ ಸೂಚನೆಯಾಗಿ ಬಳಸುವ ಹಾದಿಯೂ ಒಂದಿದೆ. ನೆಲದ ಮೇಲೆ ಗೆರೆ ಎಳೆದರೆ ಕಾಲು ಕಚ್ಚಿ ನಿಂತವರು ಅದನ್ನು ದಾಟಿ ನಡೆಯುತ್ತಾರೆಂದು ಪರ್ಡನ್ ಮಾರ್ಟಿನ್ 1967ರಲ್ಲಿ ವಿವರಿಸಿದ್ದರು. ತನ್ನಷ್ಟಕ್ಕೆ ಆಗಬೇಕಾದ ಚಲನೆ ಕೈಕೊಟ್ಟಾಗ ಹೊರಗಿನ ಸೂಚನೆಯೊಂದು ಅದನ್ನು ಬೇರೆ ದಾರಿಯಿಂದ ಎಬ್ಬಿಸುತ್ತದೆ. ಬ್ರಿಟನ್ನಿನ ಚಾರ್ಕೋ ನ್ಯೂರೋಟೆಕ್ ಕಂಪನಿ ಎದೆಮೂಳೆಗೆ ಅಂಟಿಸುವ ಕ್ಯೂ1 ಎಂಬ ಪುಟ್ಟ ಸಾಧನ ಮಾಡಿದೆ. ಕಂಪನಿಯ ಹೆಸರಿನಲ್ಲಿ ಶಾರ್ಕೋ ಅವರ ನೆನಪಿದೆ. ಮೈಕ್ರೋಸಾಫ್ಟ್‌ನ ಹೈಯಾನ್ ಝಾಂಗ್ 2016ರಲ್ಲಿ ಗ್ರಾಫಿಕ್ ಕಲಾವಿದೆ ಎಮ್ಮಾ ಲಾಟನ್ ಅವರಿಗಾಗಿ ಕಂಪಿಸುವ ಕೈಗಡಿಯಾರ ಮಾಡಿದರು. 29ರ ಹರೆಯದಲ್ಲೇ ಕಾಯಿಲೆ ಪತ್ತೆಯಾಗಿದ್ದ ಎಮ್ಮಾ ಅದನ್ನು ಕಟ್ಟಿಕೊಂಡು ತನ್ನ ಹೆಸರನ್ನು ಓದುವಂತೆ ಬರೆದರು. ಅದು ಒಬ್ಬರ ಕೈಗೆ ಹೊಂದಿಸಿ ಮಾಡಿದ ಸಾಧನ.

ಆರಂಭದ ಹಂತದಲ್ಲಿರುವವರಿಗೆ ಇದರಲ್ಲಿ ಏನಿದೆ? ಅವರ ಮೇಲೆ ಪರೀಕ್ಷಿಸುವುದೇ ಎಲ್ಲಕ್ಕಿಂತ ಕಷ್ಟ. ಮಾತ್ರೆ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತಿರುತ್ತದೆ, ಕಾಯಿಲೆ ನಿಧಾನವಾಗಿ ಹೆಜ್ಜೆಯಿಡುತ್ತದೆ, ಭರವಸೆ ಜೋರಾಗಿರುತ್ತದೆ. ಇಷ್ಟರ ನಡುವೆ ಕಂಪನದ ಪಾಲನ್ನು ಬಿಡಿಸಿ ಅಳೆಯಲು ದೊಡ್ಡ ಗುಂಪು ಬೇಕು, ವರ್ಷಗಳು ಬೇಕು. ಈ ಹಂತದವರಿಗೆ ಹೆಚ್ಚು ಗಟ್ಟಿಯಾದ ಪುರಾವೆ ಇರುವುದು ವ್ಯಾಯಾಮಕ್ಕೆ. 2018ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ, ಇನ್ನೂ ಔಷಧ ಶುರುಮಾಡದ 128 ಜನರ ಪೈಕಿ ಟ್ರೆಡ್‌ಮಿಲ್ ಮೇಲೆ ಏದುಸಿರು ಬರುವಷ್ಟು ಜೋರಾಗಿ ನಡೆದ ಗುಂಪಿನವರ ಲಕ್ಷಣಗಳು ಆರು ತಿಂಗಳಲ್ಲಿ ಹೆಚ್ಚೂಕಡಿಮೆ ಇದ್ದಲ್ಲೇ ಉಳಿದವು.

ಮೈಸೂರಿನಲ್ಲಿರುವ ನನ್ನ ಸೋದರಮಾವನಿಗೆ ಕಾಯಿಲೆ ಪತ್ತೆಯಾಗಿ ಎರಡು ವರ್ಷ. ಸಾರನ್ನ ಕಲಸುವಾಗ ಬಲಗೈ ಬೆರಳುಗಳ ಸುತ್ತು ಚಿಕ್ಕದಾಗುತ್ತಾ ಆಗುತ್ತಾ ತಟ್ಟೆಯ ನಡುವೆ ನಿಂತೇಬಿಡುತ್ತದೆ. ಎಡಗೈಯಿಂದ ಮಣಿಕಟ್ಟು ಹಿಡಿದು ಒಂದು ಸಲ ಕೊಡವಿ ಮತ್ತೆ ಶುರುಮಾಡುತ್ತಾರೆ. ಮೊಬೈಲಿನಲ್ಲಿ ಕೈಗವಸಿನ ವಿಡಿಯೋ ತೋರಿಸಿ, "ಇದನ್ನ ತರಿಸಿಬಿಡೋಣ್ವೇನೋ? ಕೈ ಸ್ವಲ್ಪ ಹಿಡಿತಕ್ಕೆ ಬಂದ್ರೆ ಸಾಕು ಕಣೋ," ಎಂದರು. ಈಗ ಬೇಡ ಮಾವ, ದೊಡ್ಡ ಪ್ರಯೋಗ ಮುಗಿಯಲಿ, ಅಲ್ಲಿಯವರೆಗೆ ಮಾತ್ರೆ ತಪ್ಪಿಸಬೇಡಿ, ನಡೆಯುವುದನ್ನು ಇನ್ನೂ ಜೋರು ಮಾಡಿ ಎಂದೆ. ಅವರ ಮುಖ ಸಪ್ಪಗಾದದ್ದನ್ನು ನೋಡಿ ನನಗೂ ಸಂಕಟವಾಯಿತು. ಮರುದಿನ ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಅವರ ಹಿಂದೆ ನಡೆದೆ. ಹತ್ತಿಪ್ಪತ್ತು ಹೆಜ್ಜೆಗೊಮ್ಮೆ ಅವರ ಬಲಗೈ ಬೀಸುವುದು ಮರೆತು ಪಕ್ಕೆಗೆ ಅಂಟಿಕೊಳ್ಳುತ್ತಿತ್ತು. ಆಗ ಜೊತೆಯಲ್ಲಿದ್ದ ಅತ್ತೆ ತಿರುಗಿಯೂ ನೋಡದೆ "ಕೈ" ಎನ್ನುತ್ತಿದ್ದರು. ಕೈ ಮತ್ತೆ ಬೀಸತೊಡಗುತ್ತಿತ್ತು.