ಒಂದೇ ಪುಸ್ತಕ, ಹಲವು ಕೈ

ನಮ್ಮಪ್ಪ ಊರಿನ ಹಾಲಿನ ಡೇರಿಯಲ್ಲಿ ಹನ್ನೊಂದು ವರ್ಷ ಕಾರ್ಯದರ್ಶಿಯಾಗಿದ್ದರು. ಡೇರಿಯ ಲೆಕ್ಕದ ಪುಸ್ತಕ ಒಂದೇ, ಪೆನ್ನೂ ಒಂದೇ. ಅವರು ಬರೆಯುವಾಗ ಬೇರೆ ಯಾರೂ ಅದನ್ನು ಮುಟ್ಟೋ ಹಾಗಿರಲಿಲ್ಲ. ಹಾಲು ಹಾಕುವ ಪ್ರತಿ ಮನೆಗೂ ಒಂದೊಂದು ಚಿಕ್ಕ ಪುಸ್ತಕ ಬೇರೆ. ಇದರಲ್ಲಿ ನಾಲ್ಕು ಲೀಟರ್, ಅದರಲ್ಲಿ ಐದು ಲೀಟರ್ ಅಂತಿದ್ದರೆ ಬಟವಾಡೆ ದಿನ ಜಗಳ ಗ್ಯಾರಂಟಿ. ಮುಂದೆ ನಾನು ಬಿ.ಇ. ಓದುವಾಗ, ಒಂದೇ ಮಾಹಿತಿಯ ಎರಡು ಪ್ರತಿ ಎರಡು ಕಂಪ್ಯೂಟರಿನಲ್ಲಿದ್ದರೆ ಯಾವುದನ್ನು ನಂಬಬೇಕು ಅನ್ನೋ ಪಾಠ ಬಂತು. ಇಡೀ ಕ್ಲಾಸು ಆಕಳಿಸುತ್ತಿದ್ದರೆ ನನಗೆ ಮಾತ್ರ ಅಪ್ಪನ ಡೇರಿ ಕಣ್ಮುಂದೆ ಬಂದಿತ್ತು.

ಇವತ್ತು ನಾವು 'ಡ್ರೈವ್‌ಗೆ ಹಾಕಿದೀನಿ, ನೋಡ್ಕೋ' ಅಂತ ಒಂದೇ ಮಾತಲ್ಲಿ ಮುಗಿಸುತ್ತೇವೆ. ಆ ಮಾತಿನ ಹಿಂದೆ ನಲವತ್ತು ವರ್ಷದ ಪಾಡು ಇದೆ.

ಕನಸು ಹಳೆಯದು. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಡಗ್ಲಾಸ್ ಎಂಗೆಲ್‌ಬಾರ್ಟ್ ಒಂದು ಪ್ರಾತ್ಯಕ್ಷಿಕೆ ಕೊಟ್ಟರು. ಅವರು ವೇದಿಕೆ ಮೇಲೆ, ಸಹೋದ್ಯೋಗಿ ಸುಮಾರು 50 ಕಿಲೋಮೀಟರ್ ದೂರದ ಮೆನ್ಲೋ ಪಾರ್ಕಿನಲ್ಲಿ. ಇಬ್ಬರೂ ಒಂದೇ ಪರದೆಯ ಮೇಲೆ ಒಂದೇ ಬರಹ ನೋಡುತ್ತಾ, ಮಾತಾಡುತ್ತಾ ಕೆಲಸ ಮಾಡಿದರು. ಮೌಸ್ ಅನ್ನೋದನ್ನು ಬಹಳಷ್ಟು ಜನ ಮೊದಲು ನೋಡಿದ್ದೂ ಅವತ್ತೇ. ಆದರೆ ಅದಕ್ಕೆ ಬೇಕಾದ ಯಂತ್ರಗಳು ಎಲ್ಲರ ಕೈಗೆಟುಕುವಂಥವಲ್ಲ.

ಜನಕ್ಕೆ ಮೊದಲು ಸಿಕ್ಕಿದ್ದು ಫೈಲನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟಿಸೋ ದಾರಿ. ಅದರ ಮೊದಲ ನಿಯಮಾವಳಿಯನ್ನು 1971ರ ಏಪ್ರಿಲ್‌ನಲ್ಲಿ ಬರೆದದ್ದು ನಮ್ಮ ದೇಶದವರೇ, ಕಾನ್ಪುರ ಐಐಟಿಯ ಮೊದಲ ಬ್ಯಾಚಿನ ಅಭಯ್ ಭೂಷಣ್. ಆಗ ಅವರು ಎಂಐಟಿಯಲ್ಲಿದ್ದರು. ಎಫ್‌ಟಿಪಿ ಅಂತೀವಲ್ಲ, ಅದೇ. ಆಮೇಲೆ 1992ರಲ್ಲಿ ಮೈಮ್ ಅನ್ನೋ ಪದ್ಧತಿ ಬಂದು ಇಮೇಲಿಗೆ ಫೋಟೋ, ದಾಖಲೆ ಅಂಟಿಸಿ ಕಳಿಸೋದು ಸಲೀಸಾಯಿತು. ಇವೆರಡೂ ಮಾಡಿದ್ದು ಪ್ರತಿ ಹಂಚೋ ಕೆಲಸ. ನನ್ನ ಹತ್ರ ಒಂದು, ನಿಮ್ಮ ಹತ್ರ ಒಂದು. ನಾನು ತಿದ್ದಿದ್ದು ನಿಮಗೆ ಗೊತ್ತಾಗಲ್ಲ. 'ಫೈನಲ್', 'ಫೈನಲ್ 2', 'ನಿಜವಾದ ಫೈನಲ್' ಅಂತ ಫೈಲಿಗೆ ಹೆಸರಿಟ್ಟು ಒದ್ದಾಡಿದವರಿಗೆ ಈ ಸಂಕಟ ಬಿಡಿಸಿ ಹೇಳಬೇಕಿಲ್ಲ.

ಪುಸ್ತಕ ಒಂದೇ ಇರಲಿ, ಎಲ್ಲರೂ ಅದನ್ನೇ ನೋಡಲಿ ಅನ್ನೋ ದಾರಿಯನ್ನು 1980ರ ದಶಕದಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ ಹಿಡಿಯಿತು. ಅಲ್ಲಿನ ಆಂಡ್ರ್ಯೂ ಫೈಲ್ ಸಿಸ್ಟಮ್ ಕಟ್ಟಿದವರಲ್ಲಿ ಪ್ರಮುಖರು ಮದ್ರಾಸ್ ಐಐಟಿಯಲ್ಲಿ ಓದಿದ ಎಂ. ಸತ್ಯನಾರಾಯಣನ್. ಅಸಲು ಫೈಲು ಸರ್ವರಿನಲ್ಲಿ, ನಿಮ್ಮ ಯಂತ್ರದಲ್ಲಿ ಅದರದೊಂದು ಪ್ರತಿ. ಬೇರೆಯವರು ತಿದ್ದಿದರೆ 'ನಿನ್ನ ಪ್ರತಿ ಹಳೇದಾಯ್ತು' ಅಂತ ಸರ್ವರೇ ಕೂಗಿ ಹೇಳುತ್ತದೆ. ನೆಟ್‌ವರ್ಕ್ ಕಡಿದುಹೋದಾಗಲೂ ಕೆಲಸ ನಿಲ್ಲಬಾರದು ಅಂತ ಅವರ ತಂಡ ಮುಂದೆ ಕೋಡಾ ಅನ್ನೋದನ್ನು ಕಟ್ಟಿತು. ಇವತ್ತು ಬಸ್ಸಲ್ಲಿ ಸಿಗ್ನಲ್ ಇಲ್ಲದಾಗ ಬರೆದಿದ್ದು ಆಮೇಲೆ ತಾನೇ ಸೇರಿಕೊಳ್ಳುತ್ತಲ್ಲ, ಅದರ ಹಿರಿಯಜ್ಜ ಇದು.

ಇನ್ನು ಇಬ್ಬರೂ ಒಟ್ಟಿಗೇ ತಿದ್ದಿದರೆ? ಲೆಕ್ಕ ನೋಡಿ. ನೀವು ಮೂರನೇ ಜಾಗದಲ್ಲಿ ಒಂದು ಅಕ್ಷರ ಸೇರಿಸುತ್ತೀರಿ. ಅದೇ ಗಳಿಗೆಗೆ ನಾನು ಹತ್ತನೇ ಅಕ್ಷರ ಅಳಿಸುತ್ತೇನೆ. ನನ್ನ ಆಜ್ಞೆ ನಿಮಗೆ ತಲುಪೋ ಹೊತ್ತಿಗೆ ನಿಮ್ಮಲ್ಲಿ ಆ ಹತ್ತನೆಯದು ಹನ್ನೊಂದನೆಯದಾಗಿರುತ್ತೆ. ಹಾಗೇ ಅಳಿಸಿದರೆ ತಪ್ಪು ಅಕ್ಷರ ಹೋಗುತ್ತೆ. ಬಂದ ಆಜ್ಞೆಯನ್ನು 'ಹನ್ನೊಂದನೆಯದು ಅಳಿಸು' ಅಂತ ಬದಲಿಸಿಕೊಂಡು ಪಾಲಿಸೋ ಉಪಾಯವನ್ನು ಎಲ್ಲಿಸ್ ಮತ್ತು ಗಿಬ್ಸ್ 1989ರಲ್ಲೇ ಪ್ರಕಟಿಸಿದ್ದರು. ರೈಟ್ಲಿ ಅನ್ನೋ ಪುಟ್ಟ ಕಂಪನಿಯನ್ನು 2006ರಲ್ಲಿ ಕೊಂಡು ಗೂಗಲ್ ಬೆಳೆಸಿದ ಡಾಕ್ಸ್, ಮುಂದೆ ಆ ಉಪಾಯವನ್ನೇ ನೆಚ್ಚಿಕೊಂಡಿತು.

ಕೊನೆಯ ಮೆಟ್ಟಿಲು ಹತ್ತಿಸಿದ್ದು ಒಂದು ಮರೆವು. ಡ್ರೂ ಹ್ಯೂಸ್ಟನ್ ಬಾಸ್ಟನ್ನಿನಿಂದ ನ್ಯೂಯಾರ್ಕ್ ಬಸ್ ಹತ್ತಿದಾಗ ಪೆನ್‌ಡ್ರೈವ್ ಮರೆತು ಬಂದಿದ್ದರು. ಆ ಬೇಸರದಲ್ಲಿ ಕೋಡ್ ಬರೆಯಲು ಕೂತರು. 2007ರಲ್ಲಿ ಅರಾಶ್ ಫೆರ್ದೌಸಿ ಜೊತೆ ಸೇರಿ ಡ್ರಾಪ್‌ಬಾಕ್ಸ್ ಶುರು ಮಾಡಿದರು. ಮರುವರ್ಷ ಅದು ಎಲ್ಲರಿಗೂ ತೆರೆಯಿತು. ಮಾಮೂಲಿ ಫೋಲ್ಡರಿನ ಹಾಗೇ ಕಾಣೋ ಒಂದು ಫೋಲ್ಡರ್. ಒಳಗಡೆ ಫೈಲನ್ನು ತುಂಡು ಮಾಡಿ, ಬದಲಾದ ತುಂಡನ್ನು ಮಾತ್ರ ಕಳಿಸೋ ಜಾಣತನ. 2012ರ ಏಪ್ರಿಲ್‌ನಲ್ಲಿ ಗೂಗಲ್ ಡ್ರೈವ್ ಬಂತು. ಅಲ್ಲಿಗೆ ಎಲ್ಲರ ಪುಸ್ತಕವೂ ಒಂದಾಯಿತು.

ಆ 'ಒಂದಾಗೋದು' ಅಂದ್ರೆ ಏನು ಅಂತ ನನಗೆ ಅರ್ಥವಾಗಿದ್ದು ಪೆಟ್ಟು ತಿಂದ ಮೇಲೆ.

ತಾತನ ಕಾಲದ ಒಂದು ಪಾಲುಪಟ್ಟಿ ನಮ್ಮ ಮನೆಯಲ್ಲಿತ್ತು. ಊರ ಹಿರಿಯರ ಮುಂದೆ ಬರೆದದ್ದು, ರಿಜಿಸ್ಟರ್ ಆಗಿರಲಿಲ್ಲ. ತಾಲ್ಲೂಕಿನ ಜೆರಾಕ್ಸ್ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿಸಿಟ್ಟಿದ್ದೆ. ಅಸಲನ್ನು ಆಮೇಲೆ ಗೆದ್ದಲು ತಿಂತು. ಸ್ಕ್ಯಾನನ್ನು ಚಿಕ್ಕಪ್ಪ, ಅಕ್ಕ, ನಾನು ಮೂವರೂ ಹಂಚಿಕೊಂಡಿದ್ದ ಫೋಲ್ಡರಿನಲ್ಲಿ ಹಾಕಿದ್ದೆ. ಒಂದಿನ ಲ್ಯಾಪ್‌ಟಾಪಿನಲ್ಲಿ ಜಾಗ ಇಲ್ಲ ಅಂತ ಅದರೊಳಗಿದ್ದ ಫೈಲೆಲ್ಲ ಅಳಿಸಿದೆ. ನನ್ನ ಪ್ರತಿ ತಾನೇ, ಅವರದು ಅವರ ಹತ್ರ ಇರುತ್ತಲ್ಲ ಅಂದುಕೊಂಡು. ದಿನಾ ಇದೇ ಕೆಲಸ ಮಾಡೋ ಇಂಜಿನಿಯರ್ರು ನಾನು!

ಎರಡು ತಿಂಗಳಾದ ಮೇಲೆ ಚಿಕ್ಕಪ್ಪ ಫೋನ್ ಮಾಡಿದರು. ಬಾವಿ ನೀರಿನ ಪಾಲಿನ ವಿಷಯಕ್ಕೆ ಮನೆಯಲ್ಲಿ ಮಾತು ಬಂದಿತ್ತು. 'ಆ ಕಾಗದ ಕಾಣ್ತಿಲ್ವಲ್ಲೋ ಮಗಾ?' ಕಸದಬುಟ್ಟಿಯಲ್ಲಿ ಉಳಿಯೋ ಗಡುವೂ ಮುಗಿದಿತ್ತು. ಅಳಿಸಿದವರು ಯಾರು ಅಂತ ಅಲ್ಲೇ ನನ್ನ ಹೆಸರು ತೋರಿಸುತ್ತಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು ಅವರು ಕೇಳಿದರು, 'ಬೇಕು ಅಂತ್ಲೇ ಮಾಡಿದ್ಯಾ?'

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕೊನೆಗೆ ಸಿಕ್ಕಿದ್ದು ಹಳೇ ಇಮೇಲಿನಲ್ಲಿ. ಜೆರಾಕ್ಸ್ ಅಂಗಡಿಯವನು ಅವತ್ತು ನನಗೆ ಮೇಲ್ ಮಾಡಿದ್ದ ಅಟ್ಯಾಚ್‌ಮೆಂಟ್. ಒಬ್ಬರು ಅಳಿಸಿದರೆ ಇನ್ನೊಬ್ಬರದು ಹೋಗದ, ನಾನು ನಗಾಡುತ್ತಿದ್ದ ಆ ಹಳೇ ಪದ್ಧತಿ.

ಮರುದಿನವೇ ಊರಿಗೆ ಹೋಗಿ ಮೂರು ಪ್ರಿಂಟ್ ತೆಗೆಸಿ ಮೂರೂ ಮನೆಗೆ ಕೊಟ್ಟೆ. ಚಿಕ್ಕಪ್ಪ ಇಸ್ಕೊಂಡರು, ಕಾಫಿ ಕುಡಿದು ಹೋಗು ಅಂದರು. ಸಾಯಂಕಾಲ ಅಪ್ಪನಿಗೆ ಇದೆಲ್ಲ ಹೇಳಿದಾಗ ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. 'ಮನೆಮನೆಗೂ ಪುಸ್ತಕ ಇದ್ದಿದ್ರಿಂದ ಜಗಳ ಆಗ್ತಿತ್ತು, ನಿಜ' ಅಂದರು. 'ಆದ್ರೆ ಒಂದ್ಸಲ ಮಳೆಗೆ ಡೇರಿ ಸೋರಿ ನನ್ನ ಪುಸ್ತಕ ನೆಂದು ಮುದ್ದೆಯಾದಾಗ, ಆ ಹದಿನೈದು ದಿನದ ಬಟವಾಡೆ ಮಾಡಿದ್ದು ಅವರ ಪುಸ್ತಕ ನೋಡ್ಕೊಂಡೇ.'